ಇನ್ನೂರ ಹದಿನಾಲ್ಕನೆಯ ಪುಟ

ಬಾಯ್‌ಯಾ ತಾಲ್ಲೂಕು ಆಸ್ಪತ್ರೆ, ಗನ್ಸು ಪ್ರಾಂತ್ಯ
ಅಕ್ಟೋಬರ್ 24, 1993

ರುವಾನ್ ಮೇಷ್ಟ್ರಿಗೆ ನಮಸ್ಕಾರಗಳು.

ಇಲ್ಲಿಗೆ ಬಂದು ಏಳು ವಾರವಾಯಿತು. ಮೊದಲೇ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ ಕಾಗದದ ತುಂಬ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಇವತ್ತು ಹರಿಯುವುದಿಲ್ಲ.

ಕಣ್ಣಿನ ವಿಭಾಗ ಇರುವುದು ಎರಡನೆಯ ಮಹಡಿಯಲ್ಲಿ. ನನ್ನನ್ನು ಕೂರಿಸಿರುವುದು ಕೆಳಗೆ, ಔಷಧಿ ಕಿಟಕಿಯ ಪಕ್ಕದ ಕೋಣೆಯಲ್ಲಿ. ಬಾಗಿಲ ಮೇಲೆ ‘ಕನ್ನಡಕ’ ಎಂದು ಬರೆಸಿದ್ದಾರೆ. ‘ದೃಷ್ಟಿ ಪರೀಕ್ಷೆ’ ಎಂದಾದರೂ ಬರೆಸಿ ಎಂದು ಮುಖ್ಯಸ್ಥ ಗುವೊ ಅವರನ್ನು ಕೇಳಿದೆ. ಅವರು ಈ ತಾಲ್ಲೂಕಿನಲ್ಲಿ ಮೂವತ್ತು ವರ್ಷದಿಂದ ಕಣ್ಣಿನ ಪೊರೆ ತೆಗೆಯುತ್ತಿರುವವರು, ಕೈ ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಅವರು ನನ್ನ ಪದವಿ ಪತ್ರವನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದರು.

“ಐದು ವರ್ಷ ಓದಿದ್ದೀಯ. ಒಂದು ಪೊರೆ ತೆಗೀತೀಯಾ?”

ಇಲ್ಲ, ನನ್ನ ಓದು ಬೇರೆ ಎಂದೆ. ಕಣ್ಣಿನೊಳಗೆ ಬೆಳಕು ಹಾಯಿಸಿ, ಅದು ಯಾವ ಕಡೆ ಓಡುತ್ತದೆಂದು ನೋಡಿ, ಮಾತು ಬಾರದ ಮಗುವಿಗೂ ಎಷ್ಟು ಪವರಿನ ಗಾಜು ಬೇಕೆಂದು ಹೇಳಬಲ್ಲೆ ಎಂದೆ.

“ಹಾಗಾದ್ರೆ ನೀನು ಡಾಕ್ಟ್ರಲ್ಲ, ದರ್ಜಿ,” ಎಂದರು. “ಅಳತೆ ತಗೊಳ್ಳೋಳು.”

ಈಗ ನರ್ಸುಗಳೆಲ್ಲ ನನ್ನನ್ನು ದರ್ಜಿ ಮೆಂಗ್ ಎನ್ನುತ್ತಾರೆ.

ಮೊದಲ ದಿನ, ಹಳೆಯ ಸೈಕಲ್ ಶೆಡ್ಡಿನಲ್ಲಿ ನಾವು ಇಪ್ಪತ್ತೊಂದು ಜನ ಕೂತಿದ್ದಾಗ ನೀವು ಹೇಳಿದ ಮಾತು ನನಗೆ ಬಾಯಿಪಾಠ: “ಹೊರಗೆ ಹೋದ ಮೇಲೆ ನಿಮ್ಮನ್ನ ಡಾಕ್ಟ್ರು ಅಂತಲೇ ಕರೀತಾರೆ. ಅದಕ್ಕೆ ನಾನು ಜವಾಬ್ದಾರಿ.” ನಿಮ್ಮ ಜವಾಬ್ದಾರಿ ರೈಲು ಹತ್ತಿ ಇಲ್ಲಿಯವರೆಗೆ ಬಂದಿಲ್ಲ. ದ್ವೀಪದಲ್ಲಿ ಹುಟ್ಟಿದವಳನ್ನು ಮಳೆನೀರನ್ನು ನೆಲಮಾಳಿಗೆಯಲ್ಲಿ ಕೂಡಿಟ್ಟು ಕುಡಿಯುವ ಊರಿಗೆ ಹಾಕಿದ ಪುಣ್ಯಾತ್ಮ ಯಾರೆಂದು ನನಗೆ ಗೊತ್ತು. ನಮ್ಮ ಕಾಲೇಜಿನ ಕಾರ್ಯದರ್ಶಿ ಯಿನ್. ಅಂತಿಮ ವರ್ಷದಲ್ಲಿ ಅವರ ಭಾಷಣದ ಮಧ್ಯೆ ಎದ್ದು ಹೋಗಿದ್ದೆನಲ್ಲ, ಅದಕ್ಕೆ.

ಇಲ್ಲಿ ಮಕ್ಕಳಿಗೆ ಕನ್ನಡಕ ಕೊಟ್ಟರೆ ಕಣ್ಣು ಹಾಳಾಗುತ್ತದೆಂದು ಜನ ನಂಬಿದ್ದಾರೆ. ಗುವೊ ಅವರೂ ನಂಬಿದ್ದಾರೆ. ಮೊನ್ನೆ ಆರು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಬೇರೆ ವಿಶೇಷವಿಲ್ಲ.

ಮೆಂಗ್ ಹುಯ್‌ಜೆನ್

*

ಜೆಜಿಯಾಂಗ್
ನವೆಂಬರ್ 19, 1993

ಹುಯ್‌ಜೆನ್,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಬೇಜಾರು ಮಾಡಿಕೊಳ್ಳಬೇಡ. 1957ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹಿರಿಯರು ನನ್ನನ್ನು ‘ಗಾಜು ಒರೆಸುವವನು’ ಎನ್ನುತ್ತಿದ್ದರು. ನಾನೂ ಪೊರೆ ತೆಗೆಯುತ್ತಿದ್ದೆ, ಅವರಷ್ಟೇ ಚೆನ್ನಾಗಿ. ಆದರೆ ತೆಗೆದ ಮೇಲೆ ರೋಗಿಗೆ ಎಷ್ಟು ಕಾಣುತ್ತದೆ ಎಂದು ಕೇಳುವ ಕೆಟ್ಟ ಚಟ ನನಗಿತ್ತು. ಅವರಿಗೆ ಅದು ಅವಮಾನದ ಪ್ರಶ್ನೆ. ಈ ಒಂದು ಪ್ರಶ್ನೆ ಇಟ್ಟುಕೊಂಡು ಮೂವತ್ತು ವರ್ಷ ಅಲೆದ ಮೇಲೆ ನನಗೆ ಒಂದು ಸೈಕಲ್ ಶೆಡ್ಡು ಸಿಕ್ಕಿತು. ನಿನಗೆ ಏಳು ವಾರಕ್ಕೇ ಒಂದು ಕೋಣೆ ಸಿಕ್ಕಿದೆ, ಬಾಗಿಲೂ ಇದೆ.

ನಿಮ್ಮನ್ನು ಡಾಕ್ಟರೆಂದು ನೋಂದಾಯಿಸುವ ಕಡತ ಬೀಜಿಂಗಿನಲ್ಲಿ ಚಲಿಸುತ್ತಿದೆ. ಮೂರು ಸಲ ಹೋಗಿ ಬಂದೆ. ಎಲ್ಲರೂ ನಗುನಗುತ್ತಾ ಮಾತನಾಡಿಸಿದರು.

ಈ ವರ್ಷ ಹೊಸದಾಗಿ ನಲವತ್ತು ಮಂದಿ ಸೇರಿದ್ದಾರೆ. ಶೆಡ್ಡಿಗೆ ಹೆಂಚು ಹೊದಿಸಿದ್ದಾರೆ. ನನ್ನ ಪುಸ್ತಕ ಮುಗಿಯುತ್ತಾ ಬಂತು. ದೃಷ್ಟಿ ಪರೀಕ್ಷೆಯ ಬಗ್ಗೆ ನಮ್ಮ ಭಾಷೆಯಲ್ಲಿ ಇಷ್ಟು ದೊಡ್ಡ ಪಠ್ಯ ಇರಲಿಲ್ಲ. ಮಕ್ಕಳ ಕಣ್ಣಿಗೇ ಒಂದು ಇಡೀ ಅಧ್ಯಾಯವಿದೆ.

ಯಿನ್ ಅವರ ಮೇಲಿನ ಸಿಟ್ಟು ಬಿಡು. ಆಗಿದ್ದು ಆಯಿತು. ನಮ್ಮ ಮನೆಯವಳು ಪೆಯ್‌ಜಿ ಒಣ ಸೀಗಡಿ ಕಟ್ಟಿ ಕಳಿಸಿದ್ದಾಳೆ. ಒಬ್ಬಳೇ ತಿನ್ನಬೇಡ, ಗುವೊ ಅವರಿಗೂ ಸ್ವಲ್ಪ ಕೊಡು.

ಆ ಆರು ವರ್ಷದ ಹುಡುಗಿಗೆ ಏನಾಗಿತ್ತು? ನೀನು ಬರೆಯಲಿಲ್ಲ.

ರುವಾನ್ ಬೋಶೆನ್

*

ಬಾಯ್‌ಯಾ
ಮಾರ್ಚ್ 27, 1994

ಮೇಷ್ಟ್ರಿಗೆ,

ಸೀಗಡಿಯನ್ನು ಗುವೊ ಅವರಿಗೆ ಕೊಡಲಿಲ್ಲ. ಒಬ್ಬಳೇ ತಿಂದೆ.

ಈ ಚಳಿಗಾಲದಲ್ಲಿ ನನಗೆ ರಜೆ ಇದ್ದ ದಿನಗಳಲ್ಲೆಲ್ಲ ಸುತ್ತಲಿನ ಹನ್ನೊಂದು ಶಾಲೆಗಳಿಗೆ ಹೋಗಿ ಬಂದೆ. ಗೋಡೆಗೆ ಅಕ್ಷರದ ಪಟ ಅಂಟಿಸಿ ಎಂಟು ನೂರು ಮಕ್ಕಳ ಕಣ್ಣು ನೋಡಿದೆ. ಕಪ್ಪು ಹಲಗೆ ಕಾಣದ ಮಕ್ಕಳು ನೂರಕ್ಕೂ ಹೆಚ್ಚು. ಅವರಲ್ಲಿ ಕನ್ನಡಕ ಇದ್ದದ್ದು ಇಬ್ಬರಿಗೆ. ಒಬ್ಬ ಹುಡುಗನ ಮೇಷ್ಟ್ರು, ಇವನು ದಡ್ಡ, ಇವನನ್ನು ಬಿಟ್ಟು ಮುಂದೆ ನೋಡಿ ಎಂದರು. ಅವನ ಕಣ್ಣ ಮುಂದೆ ಎರಡು ಗಾಜು ಇಟ್ಟೆ. ಅವನು ಹಲಗೆಯ ಮೇಲಿದ್ದ ಲೆಕ್ಕವನ್ನು ಓದಿ, ಉತ್ತರ ತಪ್ಪಿದೆ ಎಂದು ತೋರಿಸಿದ. ಮೇಷ್ಟ್ರಿಗೆ ನನ್ನ ಮೇಲೆಯೇ ಕೋಪ ಬಂತು.

ಒಂದು ಮನವಿ ತಯಾರು ಮಾಡಿದ್ದೇನೆ. ಯಾವ ವಯಸ್ಸಿನ ಮಗುವಾದರೂ ಸರಿ, ಅಗತ್ಯವಿದ್ದರೆ ಕನ್ನಡಕ ಬರೆಯಲು ನನಗೆ ಅಧಿಕಾರ ಕೊಡಿ, ಮೇಲಿನ ಮಹಡಿಯ ಸಹಿ ಬೇಡ ಎಂದು. ಜಿಲ್ಲಾ ಆರೋಗ್ಯ ಕಚೇರಿಗೇ ನೇರ ಕೊಡುತ್ತೇನೆ. ಗುವೊ ಹೇಳುವುದು ತಪ್ಪೆಂದು ನಾನು ಹೇಳಿದರೆ ಯಾರೂ ಕೇಳುವುದಿಲ್ಲ. ನಿಮ್ಮ ಪುಸ್ತಕ ಹೇಳಿದರೆ ಕೇಳಲೇಬೇಕು. ಅಚ್ಚಾದ ದಿನವೇ ಒಂದು ಪ್ರತಿ ಕಳಿಸಿ. ಅದು ಬರುವ ತನಕ ಮನವಿಯನ್ನು ಹಿಡಿದಿಟ್ಟುಕೊಂಡಿರುತ್ತೇನೆ.

ಹುಯ್‌ಜೆನ್

*

ಜೆಜಿಯಾಂಗ್
ಜೂನ್ 30, 1994

ಹುಯ್‌ಜೆನ್,

ಪುಸ್ತಕ ಬಂದಿದೆ. ಮೊದಲ ಹತ್ತು ಪ್ರತಿಗಳಲ್ಲಿ ಒಂದು ನಿನಗೆ. ಆರು ನೂರ ಮೂವತ್ತು ಪುಟ. ಬೆನ್ನಿನ ಮೇಲೆ ನನ್ನ ಹೆಸರು ಚಿನ್ನದ ಬಣ್ಣದಲ್ಲಿದೆ, ಪೆಯ್‌ಜಿ ಅದನ್ನು ಕಪಾಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾಳೆ.

ಪರಿಶೀಲನಾ ಮಂಡಳಿಯಲ್ಲಿ ಐವರು ಹಿರಿಯ ಶಸ್ತ್ರವೈದ್ಯರಿದ್ದರು. ಪುಸ್ತಕವೆಂದರೆ ಒಬ್ಬನ ಕೈಯ ಕೆಲಸವಲ್ಲ, ಓದುವಾಗ ಅದು ನೆನಪಿರಲಿ. ಮನವಿಗೆ ತುಂಬ ಅವಸರ ಮಾಡಬೇಡ. ಗುವೊ ಅವರ ಜತೆ ಮೊದಲು ಕೂತು ಮಾತಾಡು.

ಈ ವರ್ಷ ಸೆಖೆ ವಿಪರೀತ. ಉಳಿದದ್ದು ಮುಂದೆ.

ರುವಾನ್

*

ಬಾಯ್‌ಯಾ
ಡಿಸೆಂಬರ್ 17, 1995

ರುವಾನ್ ಬೋಶೆನ್ ಅವರಿಗೆ,

ಒಂದೂವರೆ ವರ್ಷ ನಾನು ಬರೆಯಲಿಲ್ಲ. ನೀವು ಆರು ಕಾಗದ ಬರೆದಿರಿ, ಹುಷಾರಿಲ್ಲವೇ, ಮದುವೆಯಾಯಿತೇ ಎಂದು ಕೇಳಿದಿರಿ. ಎಲ್ಲ ಓದಿದ್ದೇನೆ. ಉತ್ತರ ಇಲ್ಲಿದೆ.

ನಿಮ್ಮ ಪುಸ್ತಕ ಬಂದ ದಿನ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಏಳು ಗಂಟೆಯ ದಾರಿ. ದಾರಿಯಲ್ಲಿ ತೆಗೆದು ಓದಲಿಲ್ಲ, ಧೂಳು ಹಿಡಿಯುತ್ತದೆಂದು. ನೀವು ಬರೆದದ್ದು ಏನಿರುತ್ತದೆ ಎಂದು ನನಗೆ ಗೊತ್ತೇ ಇತ್ತಲ್ಲ. ಐದು ವರ್ಷ ನಿಮ್ಮ ಬಾಯಿಂದಲೇ ಕೇಳಿದ್ದೆ.

ಆರೋಗ್ಯ ಕಚೇರಿಯ ಅಧಿಕಾರಿ ಮನವಿ ಓದಿದರು, ಪುಸ್ತಕ ತೆರೆದರು. ನಿಧಾನದ ಮನುಷ್ಯ, ಬೆರಳಿಟ್ಟು ಓದುವವರು. ಇನ್ನೂರ ಹದಿನಾಲ್ಕನೆಯ ಪುಟದಲ್ಲಿ ಬೆರಳು ನಿಂತಿತು. ನನಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದರು. “ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕನ್ನಡಕ ಕೊಡುವ ವಿಷಯದಲ್ಲಿ ಅಭಿಪ್ರಾಯಭೇದವಿದೆ. ಸಂದೇಹವಿದ್ದಲ್ಲಿ ಕಾದು ನೋಡುವುದು ಲೇಸು.”

ಆಮೇಲೆ ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಮರ್ಯಾದೆಯಿಂದ ನನಗೆ ವಾಪಸು ಕೊಟ್ಟರು.

“ನಿಮ್ಮ ಮೇಷ್ಟ್ರೇ ಕಾಯಿ ಅಂತಾರಲ್ಲಮ್ಮ. ನಿಂಗೇನು ಅವಸರ?”

ಕಾದು ನೋಡುವುದು ಲೇಸು. ಮೂರನೆಯ ವರ್ಷದಲ್ಲಿ ಇದೇ ಮಾತನ್ನು ಪರೀಕ್ಷೆಯಲ್ಲಿ ಬರೆದ ಹುಡುಗನಿಗೆ ನೀವು ಸೊನ್ನೆ ಕೊಟ್ಟಿದ್ದಿರಿ. ಅವನನ್ನು ನಿಲ್ಲಿಸಿ ಕೇಳಿದ್ದಿರಿ, ಮಗುವಿನ ಮೆದುಳು ನೋಡುವುದನ್ನು ಕಲಿಯುವುದು ಏಳೆಂಟು ವರ್ಷದೊಳಗೆ, ಆಮೇಲೆ ಕಾದು ಏನನ್ನು ನೋಡುತ್ತೀಯ ಎಂದು. ಆ ಹುಡುಗ ಅತ್ತಿದ್ದ. ಈಗ ಅವನಿಗೆ ಕಾಗದ ಬರೆದು ಕ್ಷಮೆ ಕೇಳಿದಿರಾ?

ಗುವೊ ಒಂದು ಪ್ರತಿ ತರಿಸಿಕೊಂಡಿದ್ದಾರೆ. ಆ ಪುಟಕ್ಕೆ ಕೆಂಪು ದಾರ ಇಟ್ಟಿದ್ದಾರೆ. ನಾನು ಮಗುವಿನ ಚೀಟಿ ಹಿಡಿದು ಮೇಲೆ ಹೋದಾಗಲೆಲ್ಲ ಮಾತನಾಡುವುದಿಲ್ಲ, ದಾರ ಎಳೆದು ಪುಟ ತೆರೆಯುತ್ತಾರೆ, ಅಷ್ಟೆ.

ಈಗ ಆ ಹುಡುಗಿಯ ವಿಷಯ. ಹೆಸರು ಲಾಮೇಯ್. ಎಡಗಣ್ಣಿಗೆ ಪ್ಲಸ್ ಆರೂವರೆ ಬೇಕು, ಬಲಗಣ್ಣು ಹೆಚ್ಚುಕಡಿಮೆ ಸರಿ. ಮೆದುಳು ಬಲಗಣ್ಣನ್ನು ಹಿಡಿದುಕೊಂಡು ಎಡಗಣ್ಣನ್ನು ಕೈಬಿಟ್ಟಿದೆ. ಸೋಮಾರಿ ಕಣ್ಣು. ಸಮಯಕ್ಕೆ ಗಾಜು ಕೊಟ್ಟು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿದ್ದರೆ ಸರಿಹೋಗುತ್ತಿತ್ತು. ಕಳೆದ ತಿಂಗಳು ಅವಳ ತಾಯಿ ಮತ್ತೆ ಕರೆದುಕೊಂಡು ಬಂದಳು. ಹುಡುಗಿಗೆ ಎಂಟು ತುಂಬುತ್ತಿದೆ. ಆ ಕಣ್ಣಿಗೆ ಕಾಣುವುದು 0.1, ಪಟದ ಎಲ್ಲಕ್ಕಿಂತ ದೊಡ್ಡ ಅಕ್ಷರ ಮಾತ್ರ. ಯಾರ ಸಹಿಯನ್ನೂ ಕೇಳದೆ ಗಾಜು ಬರೆದೆ, ಪಟ್ಟಿ ಕಟ್ಟಿದೆ. ಅದಕ್ಕಾಗಿ ನನ್ನನ್ನು ಕೋಣೆಯಿಂದ ಎಬ್ಬಿಸಿ ಹೆಸರು ನೋಂದಾಯಿಸುವ ಕಿಟಕಿಯಲ್ಲಿ ಕೂರಿಸಿದ್ದಾರೆ.

ಗುವೊ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಗೊತ್ತಿಲ್ಲ. ನಿಮಗೆ ಗೊತ್ತಿತ್ತು.

ಮೆಂಗ್ ಹುಯ್‌ಜೆನ್

*

ಜೆಜಿಯಾಂಗ್
ಜನವರಿ 14, 1996

ಮೆಂಗ್ ಹುಯ್‌ಜೆನ್,

ನನ್ನ ಪೂರ್ತಿ ಹೆಸರು ಹಿಡಿದು ಕರೆದಿದ್ದೀಯ. ಸರಿ, ನಾನೂ ಹಾಗೆಯೇ ಕರೆಯುತ್ತೇನೆ.

ಆ ಸಾಲು ಹೇಗೆ ಬಂತೆಂದು ಕೇಳಿಕೋ. ಹಸ್ತಪ್ರತಿ ಮೂರು ಸಲ ತಿರುಗಿ ಬಂತು. ಮೂರನೆಯ ಸಲ ಮಂಡಳಿಯ ಅಧ್ಯಕ್ಷರು ನನ್ನನ್ನು ಕರೆಸಿ ಚಹಾ ಕೊಟ್ಟರು. ಮಕ್ಕಳ ಅಧ್ಯಾಯವನ್ನು ಪೂರ್ತಿ ತೆಗೆಯಿರಿ, ಇಲ್ಲವೇ ಈ ಒಂದು ಸಾಲು ಸೇರಿಸಿ ಎಂದರು. ಚೀಟಿಯಲ್ಲಿ ಬರೆದೇ ಇಟ್ಟಿದ್ದರು. ಮೂವತ್ತೊಂದು ಪುಟ ಒಂದು ಕಡೆ, ಒಂದು ಸಾಲು ಇನ್ನೊಂದು ಕಡೆ. ಆ ಮೂವತ್ತೊಂದು ಪುಟದಲ್ಲಿ ಬೆಳಕು ಹಿಡಿಯುವುದು ಹೇಗೆ, ಹನಿ ಹಾಕುವುದು ಹೇಗೆ, ಪಟ್ಟಿ ಕಟ್ಟುವುದು ಎಷ್ಟು ಹೊತ್ತು, ಎಲ್ಲ ಇದೆ. ಓದುವವನಿಗೆ ಬುದ್ಧಿ ಇದ್ದರೆ ಆ ಸಾಲು ಸುಳ್ಳೆಂದು ಉಳಿದ ಪುಟಗಳೇ ಹೇಳುತ್ತವೆ ಎಂದುಕೊಂಡೆ. ಸೇರಿಸಿದೆ. ಪುಸ್ತಕ ಬಾರದಿದ್ದರೆ ಈ ಶಿಕ್ಷಣವನ್ನೇ ಮುಚ್ಚಿಬಿಡುತ್ತಿದ್ದರು. ಈಗ ಇನ್ನೂರು ಮಂದಿ ಓದುತ್ತಿದ್ದಾರೆ. ನೀನು ಅವತ್ತು ಆ ಕುರ್ಚಿಯಲ್ಲಿ ಕೂತಿದ್ದರೆ ಏನು ಮಾಡುತ್ತಿದ್ದೆ? ಎದ್ದು ಹೋಗುತ್ತಿದ್ದೆ. ನಿನಗೆ ಎದ್ದು ಹೋಗುವುದು ಚೆನ್ನಾಗಿ ಬರುತ್ತದೆ. ಕೂತು ಕಟ್ಟುವುದು ಬೇರೆ ಕೆಲಸ.

ಇನ್ನೊಂದು ಮಾತು. ಎರಡೂವರೆ ವರ್ಷದಿಂದ ಯಿನ್ ಅವರನ್ನು ಬೈಯುತ್ತಿದ್ದೀಯ. ಯಿನ್ ನಿನ್ನನ್ನು ಎಲ್ಲಿಗೂ ಹಾಕಲಿಲ್ಲ. ಗನ್ಸುವಿಗೆ ಒಂದು ಹೆಸರು ಕೊಡಿ ಎಂದು ಪಟ್ಟಿ ನನ್ನ ಮೇಜಿಗೆ ಬಂತು. ನಾನು ನಿನ್ನ ಹೆಸರು ಬರೆದೆ. ಒಬ್ಬಳೇ ನಿಲ್ಲುವ ಶಕ್ತಿ ಇರುವುದು ನಿನಗೆ ಎಂದು ಬರೆದೆ. ಪದವೀಧರರನ್ನು ವಾಯವ್ಯಕ್ಕೂ ಕಳಿಸಿದ್ದೇವೆ ಎಂದು ವರದಿಯಲ್ಲಿ ತೋರಿಸಬೇಕಿತ್ತು, ಅದೂ ನಿಜ.

ಕೊನೆಗೆ ಒಂದು ಪ್ರಶ್ನೆ. ನಿನ್ನ ಮೊದಲ ಕಾಗದದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಏನಾಗಿತ್ತೆಂದು ಕೇಳಿದ್ದೆ, ನೀನು ಹೇಳಲಿಲ್ಲ. ಅದು ಈ ಲಾಮೇಯ್ ತಾನೆ? ಆಗ ನನ್ನ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಆ ಎರಡು ವರ್ಷ ನೀನೇನು ಮಾಡುತ್ತಿದ್ದೆ?

ರುವಾನ್ ಬೋಶೆನ್

*

ಬಾಯ್‌ಯಾ
ಫೆಬ್ರವರಿ 3, 1996

ಹೌದು, ಅದೇ ಹುಡುಗಿ.

1993ರ ಅಕ್ಟೋಬರ್ 20ರಂದು ಬಂದಳು. ಅವಳಿಗೆ ಬೇಕಾದ ಗಾಜನ್ನು ಬರೆದೆ. ಗುವೊ ಅದರ ಮೇಲೆ ಗೆರೆ ಎಳೆದರು. ತಾಯಿ ನನ್ನ ಮುಖ ನೋಡಿದಳು. ಹನ್ನೆರಡು ತುಂಬಿದ ಮೇಲೆ ಕರೆದುಕೊಂಡು ಬನ್ನಿ ಎಂದು ನನ್ನ ಬಾಯಿಂದಲೇ ಹೇಳಿದೆ. ಅವಳು ತಲೆಯಾಡಿಸಿ, ಎಂಟು ಬೇಯಿಸಿದ ಆಲೂಗಡ್ಡೆ ಕೊಟ್ಟು ಹೋದಳು. ನಾನು ತಿಂದೆ. ಅವತ್ತು ಏಳು ವಾರದ ಕೆಲಸ, ಹೊಸ ಜಾಗ, ನನ್ನ ಮಾತು ನಡೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ನಿಮ್ಮ ಪುಸ್ತಕ ಬರಲಿ ಎಂದು ಹೇಳಿಕೊಂಡೆ. ಬಂದ ಮೇಲೆ ನಿಮ್ಮನ್ನು ಬೈಯುತ್ತಾ ಕೂತೆ. ಅವಳ ಊರು ಆಸ್ಪತ್ರೆಯಿಂದ ಎರಡು ಗಂಟೆಯ ನಡಿಗೆ. ಒಂದು ದಿನವೂ ನಡೆಯಲಿಲ್ಲ.

ಹೆಸರು ಬರೆದವರು ನೀವು ಎಂದು ಹೇಳಿದಿರಿ. ಅದಕ್ಕೆ ಪ್ರತ್ಯೇಕ ಸಿಟ್ಟು ಇದೆ, ಆದರೆ ಅದನ್ನು ಇಲ್ಲಿ ಬೆರೆಸುವುದಿಲ್ಲ.

ನೀವು ಒಂದು ಸಾಲು ಬರೆದಿರಿ, ನಾನು ಬಾಯಿ ಮುಚ್ಚಿಕೊಂಡೆ. ಇಬ್ಬರೂ ಸೇರಿ ಒಂದು ಕಣ್ಣು ತೆಗೆದೆವು. ನನ್ನ ಪಾಲನ್ನು ಆ ತಾಯಿಗೆ ಹೇಳಿ ಬಂದೆ. ಅವಳು ಬಾಗಿಲು ಹಾಕಿಕೊಂಡಳು. ನಿಮ್ಮ ಪಾಲನ್ನು ನಾನು ಹೇಳುವುದಿಲ್ಲ. ನೀವು ಬಂದು ಹೇಳಿ. ಮೂವತ್ತೊಂದು ಪುಟಕ್ಕೆ ಒಂದು ಸಾಲು, ಚಹಾ ಕೊಟ್ಟರು, ಇನ್ನೂರು ಮಂದಿ ಓದುತ್ತಿದ್ದಾರೆ, ಎಲ್ಲವನ್ನೂ ಅವಳ ಮುಂದೆ ಕೂತು ಹೇಳಿ.

ಅದಾಗುವ ತನಕ ಕಾಗದ ಬರೆಯಬೇಡಿ.

ಹುಯ್‌ಜೆನ್

*

ಜೆಜಿಯಾಂಗ್
ಸೆಪ್ಟೆಂಬರ್ 22, 1996

ಹುಯ್‌ಜೆನ್,

ಬರೆಯಬೇಡಿ ಎಂದು ನೀನು ಹೇಳಿದ್ದೆ. ಹೊರಡುವ ತಾರೀಖು ಹೇಳಲೆಂದು ಮಾತ್ರ ಬರೆಯುತ್ತಿದ್ದೇನೆ, ಆದ್ದರಿಂದ ಓದು.

ನಿನ್ನ ಕಾಗದವನ್ನು ಎರಡು ತಿಂಗಳು ಮೇಜಿನ ಖಾನೆಯಲ್ಲಿ ಇಟ್ಟೆ. ಸಿಟ್ಟಿನಲ್ಲಿ ಮೂರು ಉತ್ತರ ಬರೆದೆ. ಮೂರನ್ನೂ ಪೆಯ್‌ಜಿಗೆ ಓದಿ ಹೇಳಿದೆ. ಮೂರನೆಯದನ್ನು ಕೇಳಿ ಅವಳು ಕೇಳಿದಳು: “ಹುಯ್‌ಜೆನ್ ಹೇಳಿದ್ದರಲ್ಲಿ ಸುಳ್ಳು ಯಾವುದು? ಅದನ್ನೊಂದು ತೋರ್ಸಿ.” ನಾನು ಊಟ ಬಿಟ್ಟು ಎದ್ದು ಹೋದೆ. ಎದ್ದು ಹೋಗುವುದು ನನಗೂ ಬರುತ್ತದೆ.

ಏಪ್ರಿಲಿನಲ್ಲಿ ಪ್ರಕಾಶಕರಿಗೆ ಬರೆದೆ. ಎರಡನೆಯ ಮುದ್ರಣ ಆಗಲೇ ಯಂತ್ರದ ಮೇಲಿದೆ, ಮಂಡಳಿಯ ಒಪ್ಪಿಗೆ ಇಲ್ಲದೆ ಒಂದು ಅಕ್ಷರವೂ ಬದಲಾಗದು ಎಂದರು. ಅಧ್ಯಕ್ಷರ ಮನೆಗೆ ಹೋದೆ. ಈ ಸಲವೂ ಚಹಾ ಕೊಟ್ಟರು. ಕುಡಿಯಲಿಲ್ಲ. ಆ ಸಾಲು ನಿಮ್ಮದು, ಅದರ ಮೇಲೆ ನಿಮ್ಮ ಹೆಸರನ್ನೇ ಹಾಕಿಕೊಳ್ಳಿ ಎಂದೆ. ನಲವತ್ತು ವರ್ಷದ ಪರಿಚಯ, ಬಾಗಿಲವರೆಗೂ ಬಂದು ಕಳಿಸಲಿಲ್ಲ. ಪುಸ್ತಕ ಬಂದ ಮೇಲೆ ನನ್ನನ್ನೂ ಆ ಮಂಡಳಿಗೆ ಸೇರಿಸಿಕೊಂಡಿದ್ದರು, ಅವರು ಕೇಳುವ ಮೊದಲೇ ರಾಜೀನಾಮೆ ಕೊಟ್ಟೆ. ವಿಭಾಗದ ಮುಖ್ಯಸ್ಥನ ಕುರ್ಚಿಯನ್ನೂ ಬಿಟ್ಟುಕೊಡಬಹುದು ಎಂದು ಕಾಲೇಜು ಸೂಚಿಸಿತು. ನನಗೆ ಅರವತ್ತೊಂದು, ನೆಪ ಸಿದ್ಧವಾಗಿತ್ತು. ಈಗ ನಾನು ಬರೀ ಮೇಷ್ಟ್ರು.

ಒಂದು ಚೀಟಿ ಅಚ್ಚು ಹಾಕಿಸಿದೆ. “ಪುಟ 214ರ ಹದಿನೇಳನೆಯ ಸಾಲು ತಪ್ಪು. ಅದು ತಪ್ಪೆಂದು ತಿಳಿದೇ ನಾನು ಸೇರಿಸಿದೆ. ಮಗುವಿಗೆ ಕನ್ನಡಕ ಬೇಕಿದ್ದರೆ ಅವತ್ತೇ ಕೊಡಿ. ರುವಾನ್ ಬೋಶೆನ್.” ಈ ಚೀಟಿಯನ್ನು ತರಗತಿಯಲ್ಲಿ ಓದಿ ಹೇಳಿದೆ. ಆಮೇಲೆ ಹಿಂದಿನ ಬೆಂಚಿನ ಒಬ್ಬಳು ಎದ್ದು, ಹಾಗಾದರೆ ಉಳಿದ ಪುಟಗಳಲ್ಲಿ ಇಂಥದ್ದು ಇನ್ನೆಷ್ಟಿವೆ ಎಂದು ಕೇಳಿದಳು. ನಿನ್ನ ಹಾಗೆಯೇ ಗಲ್ಲ ಎತ್ತಿ ಮಾತಾಡುವವಳು. ಇನ್ನೆರಡು ಇವೆ ಎಂದೆ. ಅವನ್ನೂ ಅಚ್ಚು ಹಾಕಿಸಿದೆ. ಗ್ರಂಥಾಲಯದ ಪ್ರತಿಗಳಿಗೆಲ್ಲ ವಿದ್ಯಾರ್ಥಿಗಳು ಗಂಜಿ ಹಚ್ಚಿ ಅಂಟಿಸಿದರು. ಹೊರಗೆ ಹೋದ ಪ್ರತಿಗಳು ಸಾವಿರಾರು, ಅವೆಲ್ಲ ಯಾರ ಕೈಯಲ್ಲಿವೆಯೋ ಗೊತ್ತಿಲ್ಲ.

ಅಕ್ಟೋಬರ್ 25ಕ್ಕೆ ರೈಲಿನಲ್ಲಿ ಲಾನ್‌ಜೋ ತಲುಪಿ ಅಲ್ಲಿಂದ ಬಸ್ಸು ಹಿಡಿಯುತ್ತೇನೆ. ಬಸ್ಸು ನಿಲ್ಲುವಲ್ಲಿಗೆ ನೀನು ಬಾರದಿದ್ದರೂ ಊರಿನ ಹೆಸರು ಕೇಳಿಕೊಂಡು ಹೋಗುತ್ತೇನೆ.

ರುವಾನ್

*

ಲಾನ್‌ಜೋ ರೈಲು ನಿಲ್ದಾಣ
ಅಕ್ಟೋಬರ್ 29, 1996

ಹುಯ್‌ಜೆನ್,

ರೈಲಿಗೆ ಇನ್ನೂ ನಾಲ್ಕು ಗಂಟೆಯಿದೆ. ಲಾಮೇಯ್ ಊರಿನ ಹೊರಗಿನ ದಿಬ್ಬದವರೆಗೆ ಬಂದು ನೀನು ನಿಂತುಬಿಟ್ಟೆ. ಒಳಗೆ ಹೋಗಿ, ಬೂದು ಬಾಗಿಲು ಎಂದೆ, ಅಷ್ಟೆ. ಹಿಂತಿರುಗುವಾಗಲೂ ಏನಾಯಿತೆಂದು ಕೇಳಲಿಲ್ಲ. ಆದ್ದರಿಂದ ಬರೆಯುತ್ತೇನೆ.

ತಾಯಿ ಅಂಗಳದಲ್ಲಿ ಹುರುಳಿ ಹೊಟ್ಟು ತೂರುತ್ತಿದ್ದಳು. ಯಾರೆಂದು ಹೇಳಿದೆ. ಕೈ ಒರೆಸಿಕೊಂಡು ಒಳಗೆ ಕರೆದಳು, ಕೆಳಗೆ ಬೆಂಕಿ ಹಾಕಿ ಕಾಯಿಸಿದ ಜಗಲಿಯ ಮೇಲೆ ಕೂರಿಸಿದಳು. ಲಾಮೇಯ್ ಮನೆಯಲ್ಲೇ ಇದ್ದಳು. ತಾಯಿ ಅವಳನ್ನು ನೀರಿಗೆ ಕಳಿಸಿದಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತುಗಳನ್ನು ಹೇಳತೊಡಗಿದೆ. ಪುಸ್ತಕ, ಮಂಡಳಿ, ಸಾಲು. ಹೇಳುತ್ತಾ ಹೋದಂತೆ ಅದು ನನಗೇ ಬೇರೆ ಯಾರದೋ ಕಥೆಯ ಹಾಗೆ ಕೇಳಿಸಿತು. ನಿಲ್ಲಿಸಿದೆ. ಮಗುವಿಗೆ ಕನ್ನಡಕ ಬೇಕೆಂದು ನನಗೆ ಗೊತ್ತಿತ್ತು, ಬೇಡ ಎಂದು ಬರೆದೆ ಎಂದೆ. ಅಷ್ಟು ಹೇಳಿ ತೋಳಿನಿಂದ ಕಣ್ಣು ಒರೆಸಿಕೊಂಡೆ.

ಅವಳು ಎದ್ದು ಬಾಗಿಲ ಕಡೆ ನಡೆದಳು.

“ನೀವು ಅಳೋದಕ್ಕೆ ಅಷ್ಟು ದೂರದಿಂದ ಬಂದ್ರಾ?” ಎಂದಳು. “ಅದು ಆಮೇಲೆ. ಮೊದ್ಲು ಇವಳನ್ನ ನೋಡಿ.”

ಬಾಗಿಲ ಪರದೆಯ ಹಿಂದಿನಿಂದ ಎರಡನೆಯ ಮಗಳನ್ನು ಎಳೆದು ನನ್ನ ಮುಂದೆ ನಿಲ್ಲಿಸಿದಳು. ಹೆಸರು ಗಾಯ್‌ದಿ, ಮುಂದಿನದಾದರೂ ಗಂಡಾಗಲಿ ಎಂದು ಇಟ್ಟ ಹೆಸರು. ನಾಲ್ಕು ವರ್ಷ. ಅಕ್ಕನಿಗೆ ಹೀಗಾಗಿದೆ, ಇವಳಿಗೂ ಇರಬಹುದು ಎಂಬ ಭಯವಿದ್ದರೂ ಆಸ್ಪತ್ರೆಗೆ ತರಲು ಅವಳಿಗೆ ಧೈರ್ಯವಿರಲಿಲ್ಲ. ಮತ್ತೆ ಹನ್ನೆರಡು ತುಂಬುವ ತನಕ ಕಾಯಿ ಎಂದರೆ ಏನು ಮಾಡಲಿ ಎಂದಳು.

ಚೀಲದಲ್ಲಿ ಕಣ್ಣಿಗೆ ಬೆಳಕು ಹಾಯಿಸುವ ಕಡ್ಡಿ, ಅಳತೆಯ ಗಾಜುಗಳು ಇದ್ದವು. ಕಿಟಕಿಗೆ ಚಾಪೆ ಕಟ್ಟಿಸಿ ಕತ್ತಲೆ ಮಾಡಿಸಿದೆ. ಬಲಗಣ್ಣಿಗೆ ಪ್ಲಸ್ ಐದು, ಎಡಗಣ್ಣಿಗೆ ಒಂದು. ಅಕ್ಕನದರ ಕನ್ನಡಿ ಬಿಂಬ. ಹನಿ ಹಾಕಿ ಸರಿಯಾಗಿ ಅಳೆಯುವ ಕೆಲಸ ನಿನ್ನದು, ಚೀಟಿಯನ್ನು ತಾಯಿಯ ಕೈಗೆ ಕೊಟ್ಟಿದ್ದೇನೆ, ಅದರ ಕೆಳಗೆ ನನ್ನ ಸಹಿ ಇದೆ. ಗುವೊ ಗೆರೆ ಎಳೆಯಲು ಬಂದರೆ ನನ್ನ ಸಹಿಯ ಮೇಲೆ ಎಳೆಯಲಿ.

ಆಮೇಲೆ ಹುಳಿನೀರಿನ ಶಾವಿಗೆ ಕೊಟ್ಟಳು. ತಿಂದೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ, ಇದೇ ಸಾಲು ಓದಿದ ಡಾಕ್ಟರುಗಳು ಬೇರೆ ಊರುಗಳಲ್ಲೂ ಇದ್ದಾರಾ ಎಂದು ಕೇಳಿದಳು. ಇದ್ದಾರೆ ಎಂದೆ. ಅವಳು ಹೊಟ್ಟು ತೂರಲು ಹೋದಳು.

ಇನ್ನೊಂದು ಬರೆಯಬೇಕು. ಅಂಗಳದಲ್ಲಿ ಲಾಮೇಯ್ ನೀರು ತಂದು ಇಳಿಸುತ್ತಿದ್ದಳು. ತಾತ, ನನ್ನ ಕಣ್ಣೂ ನೋಡಿ ಎಂದಳು. ನೋಡಿದೆ. ಚೆನ್ನಾಗಿ ಓದು ಎಂದು ತಲೆ ಸವರಿ ಬಂದೆ. ಅವಳಿಗೆ ಹೇಳಲಿಲ್ಲ. ತಾಯಿಗೆ ಹೇಳಲು ಎರಡು ಸಾವಿರ ಕಿಲೋಮೀಟರು ಬಂದವನಿಗೆ, ಯಾರ ಕಣ್ಣು ಹೋಯಿತೋ ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ರುವಾನ್

*

ಬಾಯ್‌ಯಾ
ಮೇ 18, 1997

ಮೇಷ್ಟ್ರಿಗೆ,

ಮಾರ್ಚಿನಲ್ಲಿ ನನ್ನನ್ನು ಮತ್ತೆ ಕೋಣೆಗೆ ಕಳಿಸಿದರು. ಯಾರೂ ತಪ್ಪು ಒಪ್ಪಿಕೊಂಡು ಕಳಿಸಿದ್ದಲ್ಲ. ಕಿಟಕಿಯ ಬಳಿ ಸಾಲುಗಟ್ಟಿದ ಜನ, ಆ ದರ್ಜಿಯಮ್ಮ ಎಲ್ಲಿ, ಮಗುವಿನ ಕಣ್ಣು ತೋರಿಸಬೇಕು ಎಂದು ನನ್ನನ್ನೇ ಕೇಳಲು ಶುರುಮಾಡಿದರು. ನಾನು ಅಲ್ಲಿಂದಲೇ ಎದ್ದು ಕಾರಿಡಾರಿನಲ್ಲಿ ನಿಂತು ಮಕ್ಕಳ ಕಣ್ಣು ನೋಡುತ್ತಿದ್ದೆ. ಅದರಿಂದ ದಾರಿ ಕಟ್ಟಿಹೋಗುತ್ತದೆಂದು ಆಡಳಿತದವರು ಕೋಣೆಯ ಬೀಗ ತೆಗೆದರು. ನೀವು ಅಚ್ಚು ಹಾಕಿಸಿದ ಚೀಟಿಯನ್ನು ಗುವೊ ಅವರ ಪ್ರತಿಗೆ ಅಂಟಿಸಿದೆ, ಅವರು ಅದನ್ನು ಎರಡು ಸಲ ಓದಿದರು. ಇದು ಅಂಟಿಸಿದ ಕಾಗದ, ಅಚ್ಚಾದ ಪುಸ್ತಕವಲ್ಲ ಎಂದರು. ಆದರೂ ನನ್ನ ಚೀಟಿಗಳ ಮೇಲೆ ಈಗ ಗೆರೆ ಎಳೆಯುತ್ತಿಲ್ಲ. ಕಳೆದ ವಾರ ತಮ್ಮ ಮೊಮ್ಮಗಳ ಕಣ್ಣು ನೋಡಲು ಮನೆಗೆ ಬಾ ಎಂದು ಹೇಳಿ ಕಳಿಸಿದರು. ಕೆಳಗಿನ ಸಾಲಿನಲ್ಲಿ ನಿಲ್ಲಿಸಿ ಎಂದು ಹೇಳಿ ಕಳಿಸಿದೆ. ಇನ್ನೂ ಬಂದಿಲ್ಲ.

ಗಾಯ್‌ದಿಗೆ ಏಳು ತಿಂಗಳಿಂದ ಪಟ್ಟಿ ಕಟ್ಟುತ್ತಿದ್ದೇವೆ. 0.2 ಇದ್ದ ಕಣ್ಣು ಈಗ 0.7. ಅಜ್ಜಿ ಎರಡು ಸಲ ಕನ್ನಡಕವನ್ನು ಒಲೆಗೆ ಹಾಕಲು ಹೋದಳಂತೆ, ತಾಯಿ ಅಜ್ಜಿಯನ್ನೇ ಅಡುಗೆಮನೆಯಿಂದ ಹೊರಗೆ ಹಾಕಿದಳು.

ಲಾಮೇಯ್‌ಗೂ ಪಟ್ಟಿ ಕಟ್ಟಿದ್ದೆ, ನಿಮಗೆ ಗೊತ್ತು. ಪೂರ್ತಿ ಒಂದೂವರೆ ವರ್ಷ. 0.1 ಇದ್ದದ್ದು 0.15 ಆಗಿ ನಿಂತಿತು. ಹೋದ ಭಾನುವಾರ ನಿಲ್ಲಿಸಿಬಿಡೋಣ ಎಂದು ಅವರ ಮನೆಗೆ ಹೋದೆ. ಈಗ ದಿಬ್ಬದ ಹತ್ತಿರ ನಿಲ್ಲುವುದಿಲ್ಲ, ಒಳಗೇ ಹೋಗುತ್ತೇನೆ. ತಂಗಿ ಗೋಡೆಯ ಪಟದ ಸಣ್ಣ ಅಕ್ಷರಗಳನ್ನು ತೋರಿಸಿ ಕುಣಿಯುತ್ತಿದ್ದಳು. ಲಾಮೇಯ್ ನನ್ನನ್ನು ಅಂಗಳದ ಮೂಲೆಗೆ ಕರೆದಳು.

“ಅಕ್ಕ, ಒಂದು ಹೇಳ್ತೀನಿ, ಅಮ್ಮಂಗೆ ಹೇಳ್ಬೇಡಿ. ಶಾಲೇಲಿ ಪಟ್ಟಿ ಕೆಳಗಿಂದ ಇಣುಕಿ ನೋಡ್ತಿದ್ದೆ. ಅದಕ್ಕೇ ನಂಗೆ ಬರ್ಲಿಲ್ಲ ಅಲ್ವಾ?”

ಒಂದೂವರೆ ವರ್ಷ ಈ ಮಗು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು, ಮೇಷ್ಟ್ರೇ.

ನಿನ್ನ ತಪ್ಪಲ್ಲ ಎಂದೆ. ಎಲ್ಲ ಮಕ್ಕಳೂ ಇಣುಕುತ್ತಾರೆ, ಗಾಯ್‌ದಿಯೂ ಇಣುಕುತ್ತಾಳೆ. ನೀನು ಮೊದಲ ಸಲ ಬಂದ ದಿನವೇ ಕನ್ನಡಕ ಕೊಡಬೇಕಿತ್ತು, ದೊಡ್ಡವರು ಕೊಡಲಿಲ್ಲ ಎಂದೆ.

“ಯಾವ ದೊಡ್ಡೋರು?”

ನಾನು, ಎಂದೆ. ಅವಳು ನಂಬಲಿಲ್ಲ. ಇನ್ನೂ ಯಾರು ಎಂದಳು. ಗುವೊ ಎಂದೆ. ಆಮೇಲೆ ನಿಮ್ಮ ಹೆಸರು ಹೇಳಿದೆ. ಅವತ್ತು ತಲೆ ಸವರಿದ ತಾತನಾ ಎಂದು ಕೇಳಿದಳು. ಹೌದು ಎಂದೆ. ಅವಳು ಅಳಲಿಲ್ಲ. ಒಳಗೆ ಹೋಗಿ ಶಾಲೆಯ ನೋಟ್‌ಬುಕ್ಕು, ಪೆನ್ಸಿಲು ತಂದು ನನ್ನ ಮುಂದೆ ಇಟ್ಟಳು. ಮೂವರ ಹೆಸರು ಬರೆದುಕೊಡಿ ಎಂದಳು. ಬರೆದುಕೊಟ್ಟೆ. ಪ್ರತಿಯೊಂದನ್ನೂ ಕೆಳಗೆ ನಕಲು ಮಾಡಿದಳು. ನಿಮ್ಮ ಹೆಸರಿನ ನಡುವಿನ ಅಕ್ಷರದಲ್ಲಿ ಒಂದು ಗೆರೆ ತಪ್ಪಿತು. ಅಳಿಸಿ ಮತ್ತೆ ಬರೆದಳು, ಸರಿಯಾಗುವ ತನಕ.

ಹುಯ್‌ಜೆನ್